ನಿಂತ ಕಾಯಕ, ಹೆಚ್ಚಾದ ಅಕ್ಕಿ

ನಾನು ಶಿವಶರಣೆಯರ ವಚನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಈ ಕೆಲಸ ಹಿಡಿದು ನಾಲ್ಕು ವರ್ಷವಾಯಿತು, ಇಷ್ಟಲಿಂಗ ಪೂಜೆ ನಿಂತು ಮೂರು ವರ್ಷ. ಬಿಡಬೇಕೆಂದು ಬಿಟ್ಟದ್ದಲ್ಲ. ಯೋಚಿಸಿ, ವಾದಿಸಿ, ನಂಬಿಕೆ ಕಳಚಿ ಬಿಟ್ಟಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ವಿಚಾರ ಸಂಕಿರಣವೊಂದಕ್ಕೆ ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಒಂದು ದಿನ ತಪ್ಪಿತು, ಆಮೇಲೆ ಒಂದು ವಾರ. ಕೊನೆಗೆ ಕರಡಿಗೆ ಹಾಸ್ಟೆಲ್ಲಿನ ಟ್ರಂಕು ಸೇರಿತು. ಊರಿನಿಂದ ಆಯಿ ಫೋನಿನಲ್ಲಿ "ಪೂಜಿ ಆತೇನವ್ವಾ?" ಎಂದು ಕೇಳಿದರೆ "ಆತು ಆಯಿ" ಅನ್ನುತ್ತಿದ್ದೆ. ಆ ದಿನ ಬರೆಯುತ್ತಿದ್ದ ಪ್ರಬಂಧ ಇಷ್ಟಲಿಂಗದ ಪರಿಕಲ್ಪನೆಯ ಮೇಲೆಯೇ ಇತ್ತು.

ಈ ಮುಜುಗರದಲ್ಲಿದ್ದಾಗಲೇ ಆಯ್ದಕ್ಕಿ ಲಕ್ಕಮ್ಮನನ್ನು ಮತ್ತೆ ಓದಬೇಕಾಗಿ ಬಂತು. ಕಥೆ ಗೊತ್ತಿರುವುದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅನುಭವಗೋಷ್ಠಿಯ ಮಾತಿನಲ್ಲಿ ಮೈಮರೆಯುತ್ತಾನೆ. ಕಾಯಕ ನಿಂತಿದೆ, ಹೋಗು ಎಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಹೋದವನು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಇಷ್ಟೇಕೆ, ಈ ಆಸೆ ನಮಗೇಕೆ ಎಂದು ಕೇಳಿ ಅವಳು ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸುತ್ತಾಳೆ.

ನಮ್ಮ ಪಠ್ಯಪುಸ್ತಕಗಳು ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಓದಿಸಿವೆ. ಒಂದು, ದುಡಿಮೆಯ ಹಿರಿಮೆ. ಇನ್ನೊಂದು, ಗಂಡನನ್ನು ದಾರಿಗೆ ತಂದ ಆದರ್ಶ ಸತಿ. ಎರಡೂ ಸುಳ್ಳಲ್ಲ. ಆದರೆ ಮೊದಲನೆಯ ಓದು ಸವೆದು ಸವೆದು ಕಚೇರಿ ಗೋಡೆಯ ಫಲಕವಾಗಿದೆ. ಹೆಚ್ಚು ದುಡಿಸುವವರಿಗೂ ಈಗ ಅದು ಅನುಕೂಲದ ಮಾತು. ಎರಡನೆಯದು ಲಕ್ಕಮ್ಮನ ವಿಮರ್ಶೆಯ ಮೊನೆಯನ್ನು ಮನೆವಾರ್ತೆಯೊಳಗೆ ಮುಚ್ಚಿಡುತ್ತದೆ. ಅವಳ ಎಚ್ಚರಿಕೆ ಗಂಡನಿಗಷ್ಟೇ ಅಲ್ಲ, ಅವನನ್ನು ಹಿಡಿದಿಟ್ಟ ಗೋಷ್ಠಿಗೂ ತಾಗುತ್ತದೆ. ಸಾಧನೆಯ ಬಗೆಗಿನ ಮಾತು ಎಷ್ಟು ರುಚಿಯಾಗಿರಬಲ್ಲುದೆಂದರೆ ಸಾಧನೆ ನಿಂತದ್ದೇ ತಿಳಿಯುವುದಿಲ್ಲ. ಕಾಯಕದಲ್ಲಿ ನಿರತನಾದವನು ಎದುರಿಗೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎಂಬ ಅರ್ಥದ ವಚನ ಬರೆದವನು ಇದೇ ಮಾರಯ್ಯ. ಅಷ್ಟು ಸ್ಪಷ್ಟವಾಗಿ ತಿಳಿದವನೂ ಮರೆತನೆಂಬುದು ನನ್ನಂಥ ಸಂಶೋಧಕರಿಗೆ ಹೇಳಿಸಿದಂತಿದೆ.

ಈ ಪ್ರಸಂಗವನ್ನು ನಮಗೆ ಕಟ್ಟಿಕೊಟ್ಟದ್ದು ಶೂನ್ಯಸಂಪಾದನೆ. ಅದರ ಸಂಪಾದಕರು ಶರಣರ ಕಾಲದಿಂದ ಮುನ್ನೂರು ವರ್ಷಗಳಷ್ಟು ಈಚೆಗಿನವರು. ಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೊಂದಿಸಿದವರು ಅವರು. ಹಾಗಾಗಿ ಇದು ಕಲ್ಯಾಣದಲ್ಲಿ ನಡೆದ ಘಟನೆಯ ವರದಿ ಎಂದು ನಾನು ವಾದಿಸುವುದಿಲ್ಲ. ಆದರೆ ಅದೇ ಕಾರಣಕ್ಕೆ ಒಂದು ಸಂಗತಿ ಮುಖ್ಯವೆನಿಸುತ್ತದೆ. ಸಾಧಕರ ಮಾತುಕತೆಯನ್ನೇ ಕಟ್ಟುತ್ತ ಹೋಗುವ ಗ್ರಂಥವೊಂದು, ಮಾತು ಹೆಚ್ಚಾಯಿತು ಎನ್ನುವ ಹೆಂಗಸಿಗೂ ತನ್ನೊಳಗೆ ಜಾಗ ಕೊಟ್ಟಿದೆ.

ನಿಂತ ಸಾಧನೆಯ ಬಗ್ಗೆ ಬಸವಣ್ಣನೂ ಬರೆದಿದ್ದಾನೆ. ಕೊಂಬೆಯಿಂದ ಕೊಂಬೆಗೆ ಜಿಗಿಯುವ ಕೋತಿಯಂಥ ಮನಸ್ಸು, ಹೋಗುವಾಗಲೂ ಬರುವಾಗಲೂ ಕೊಯ್ಯುವ ಗರಗಸದಂಥ ಭಕ್ತಿ. ಆ ವಚನಗಳಲ್ಲಿ ತನ್ನನ್ನು ತಾನೇ ಹಳಿದುಕೊಳ್ಳುವ ದನಿಗೆ ಅಪಾರ ಶಕ್ತಿಯಿದೆ. ಆದರೆ ನನ್ನ ಮೂರು ವರ್ಷಗಳಲ್ಲಿ ಆ ದನಿ ನೆರವಿಗೆ ಬರಲಿಲ್ಲ. ತಪ್ಪಿತಸ್ಥ ಭಾವವೂ ಒಂದು ಭಾವ. ಅದನ್ನು ಅನುಭವಿಸಿದರೆ ಏನೋ ಮಾಡಿದಂತೆಯೇ ಆಗಿಬಿಡುತ್ತದೆ, ಕರಡಿಗೆ ಟ್ರಂಕಿನಲ್ಲೇ ಉಳಿಯುತ್ತದೆ. ಇದು ಬಸವಣ್ಣನ ಕೊರತೆಯಲ್ಲ, ನನ್ನ ಓದಿನ ಕೊರತೆ.

ಲಕ್ಕಮ್ಮ ಬೈಯುವುದಿಲ್ಲ. ಏಕೆ ನಿಂತಿತು, ಭಕ್ತಿ ಎಲ್ಲಿ ಹೋಯಿತು ಎಂದು ವಿಚಾರಣೆಗೆ ಇಳಿಯುವುದಿಲ್ಲ. ಮೊದಲು ಮನಸ್ಸು ಬರಲಿ, ಆಮೇಲೆ ಹೋಗುವೆಯಂತೆ ಎಂದೂ ಹೇಳುವುದಿಲ್ಲ. ನಿಂತಿದೆ, ಹೋಗು: ಅಷ್ಟೇ. ಹುರುಪನ್ನು ಕಾಯುತ್ತ ಕೂತವರಿಗೆ ಈ ಮಾತು ಒರಟಾಗಿ ಕೇಳಬಹುದು. ನನಗೆ ಮಾತ್ರ ಇದರಲ್ಲಿ ಕರುಣೆ ಕಾಣುತ್ತದೆ. ಮನಸ್ಸಿನ ಸ್ಥಿತಿ ಹೇಗೇ ಇರಲಿ, ಅಂಗಳಕ್ಕೆ ಹೋಗಬಹುದು. ಅಕ್ಕಿ ಅಲ್ಲಿ ಬಿದ್ದೇ ಇದೆ.

ಆದರೂ ಕಥೆಯ ನಿಜವಾದ ತಿರುಳು ಎರಡನೆಯ ಭಾಗದಲ್ಲಿದೆ ಎಂದು ಈಗ ಅನ್ನಿಸುತ್ತದೆ. ಮಾರಯ್ಯ ಹೆಚ್ಚು ಅಕ್ಕಿ ತಂದದ್ದೇಕೆ? ನಾವು ಅದನ್ನು ಲೋಭದ ಪ್ರಸಂಗವೆಂದೇ ಓದಿದ್ದೇವೆ. ಬಹುಶಃ ಅದು ತಪ್ಪಿದವನು ಕಟ್ಟಲು ಹೊರಟ ದಂಡ. ಬಿಟ್ಟ ದಿನದ ಬಾಕಿಯನ್ನು ಒಂದೇ ಸಲ ತೀರಿಸುವ ಆತುರ. ಹೊರಗಿನಿಂದ ಅದು ಶ್ರದ್ಧೆಯಂತೆಯೇ ಕಾಣುತ್ತದೆ. ಅದನ್ನು ಆಸೆ ಎಂದು ಗುರುತಿಸಿದ್ದು ಲಕ್ಕಮ್ಮನ ಸೂಕ್ಷ್ಮ. ನಿತ್ಯದ ಕಾಯಕದಲ್ಲಿ ಬಾಕಿ ಎಂಬುದಿಲ್ಲ, ಇಂದಿನ ಅಳತೆ ಮಾತ್ರ ಇದೆ.

ಇದನ್ನು ಒಪ್ಪಿಕೊಳ್ಳಲು ನನಗೆ ನನ್ನದೇ ಸೋಲು ಬೇಕಾಯಿತು. ಹೋದ ಯುಗಾದಿಗೆ ಕರಡಿಗೆ ಹೊರತೆಗೆದು ಮೂರು ಹೊತ್ತು ಪೂಜೆ, ದಿನಕ್ಕೆ ಐವತ್ತು ವಚನ ಪಾರಾಯಣ ಎಂದು ಗೊತ್ತುಮಾಡಿಕೊಂಡಿದ್ದೆ. ನಾಲ್ಕನೆಯ ದಿನ ಎಲ್ಲವೂ ಬಿದ್ದುಹೋಯಿತು. ಆಗ ನಾನು ಹೊತ್ತು ತಂದದ್ದು ಮಾರಯ್ಯನ ಹೆಚ್ಚಿನ ಅಕ್ಕಿಯನ್ನೇ. ಈಗ ಬೆಳಿಗ್ಗೆ ಹತ್ತು ನಿಮಿಷ. ನೀರು, ವಿಭೂತಿ, ಅಂಗೈಯ ಮೇಲೆ ಲಿಂಗ. ಬಹಳ ದಿನ ಏನೂ ಅನ್ನಿಸುವುದಿಲ್ಲ. ಭಕ್ತಿ ಮರಳಿತೆಂದು ಹೇಳಿದರೆ ಸುಳ್ಳಾದೀತು. ಮರಳಿದ್ದು ಕೈಗೆ ಸಿಗುವ ಒಂದು ಕೆಲಸ.

ಈ ಓದಿಗೆ ಎದುರಾಗುವ ಪ್ರಶ್ನೆಯೂ ಇದೆ. ಭಾವವಿಲ್ಲದ ಕ್ರಿಯೆ ಬರಿಯ ಆಚಾರವಲ್ಲವೇ, ಶರಣರು ಬಂಡೆದ್ದದ್ದು ಅದರ ವಿರುದ್ಧವೇ ಅಲ್ಲವೇ? ನ್ಯಾಯವಾದ ಪ್ರಶ್ನೆ. ನುಲಿಯ ಚಂದಯ್ಯನ ಕಥೆಯಲ್ಲಿ ಜಾರಿಬಿದ್ದ ಲಿಂಗವನ್ನೂ ಲೆಕ್ಕಿಸದೆ ಅವನು ಹುಲ್ಲು ಕೊಯ್ಯುವ ಕೆಲಸ ಮುಂದುವರಿಸುತ್ತಾನೆ. ಲಿಂಗವೇ ಹಿಂದೆ ಬರಬೇಕಾಗುತ್ತದೆ. ಆ ಕಥೆಯ ಬಲದಿಂದ, ನನ್ನ ಪ್ರಬಂಧವೇ ನನ್ನ ಕಾಯಕ, ಪೂಜೆ ಬೇಕಿಲ್ಲ ಎಂದು ವಾದಿಸಬಹುದಿತ್ತು. ಎರಡು ವರ್ಷ ಹಾಗೆಯೇ ವಾದಿಸಿಕೊಂಡೆ. ಆದರೆ ಚಂದಯ್ಯ ಹಗ್ಗ ಹೊಸೆದು ಮಾರಿ ಜಂಗಮಕ್ಕೆ ಉಣಿಸಿದವನು. ನಾನು ಹೊಸೆಯುತ್ತಿದ್ದದ್ದು ಅಡಿಟಿಪ್ಪಣಿಗಳನ್ನು.

ಮೊನ್ನೆ ಆಯಿ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದಳು. "ಇವತ್ತ ಆತು ಆಯಿ, ನಿನ್ನಿ ಆಗಿದ್ದಿಲ್ಲ" ಅಂದೆ.

"ನಿನ್ನಿದು ಯಾಕ್ ಹೇಳ್ತಿ? ನಾಳಿದು ನೋಡು" ಅಂದಳು.