ಪರಭಾವಗ್ರಹಣವೂ ಚಿತ್ತರೋಗಿಗಳ ಶಿಕ್ಷಣವೂ

ಎದುರಿಗಿರುವವರ ಮುಖವನ್ನು ನೋಡಿ ಅವರ ಮನಸ್ಸಿನ ಭಾವವನ್ನು ಅರಿಯುವುದು ಲೋಕವ್ಯವಹಾರಕ್ಕೆಲ್ಲ ಮೂಲವಾದುದು. ಬಹುಮಂದಿಗೆ ಇದು ಉಪದೇಶವಿಲ್ಲದೆಯೇ ಸಿದ್ಧಿಸುವುದರಿಂದ, ಇದನ್ನೊಂದು ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗಕ್ಕೆ ಒಳಗಾದವರಲ್ಲಿ ಅನೇಕರಿಗೆ ಈ ಶಕ್ತಿಯು ಕುಂದಿರುತ್ತದೆ. ಹರ್ಷವನ್ನು ಅವರು ಬಹುಮಟ್ಟಿಗೆ ಗುರುತಿಸಬಲ್ಲರು. ಭಯ, ಕ್ರೋಧ, ಶೋಕಗಳಲ್ಲಿ ಹೆಚ್ಚಾಗಿ ತಪ್ಪುವರು. ಯಾವ ಭಾವವೂ ಇಲ್ಲದ ಮುಖದಲ್ಲಿ ಅಪ್ರಿಯವಾದ ಭಾವವನ್ನು ಕಾಣುವುದೂ ಉಂಟು. ಅನ್ನವನ್ನು ಬಡಿಸುವ ತಾಯಿಯ ಆಯಾಸದ ಮುಖವು ಮಗನಿಗೆ ಕೋಪದ ಮುಖವಾಗಿ ತೋರಿದಲ್ಲಿ, ಅವನ ಪಾಲಿಗೆ ಮನೆಯೇ ಹಗೆಗಳ ಬೀಡಾಗುವುದು. ಈ ಕೊರತೆಯನ್ನು ನೀಗಲು ಏರ್ಪಟ್ಟಿರುವ ಶಿಕ್ಷಣಕ್ರಮಗಳನ್ನು ಭಾವವಿಚಾರದಲ್ಲಿ ಪರಿಶ್ರಮವುಳ್ಳವರು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಮೊದಲು ಎರಡು ಭ್ರಾಂತಿಗಳನ್ನು ನಿವಾರಿಸಬೇಕು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1908ರಲ್ಲಿ ಈ ರೋಗಕ್ಕೆ ಕೊಟ್ಟ ಹೆಸರಿಗೆ ಸೀಳಿದ ಮನಸ್ಸೆಂಬ ಅರ್ಥವಿದೆ. ಕನ್ನಡದಲ್ಲಿ ಇಚ್ಚಿತ್ತವಿಕಲತೆ ಎಂಬ ಮಾತೂ ಬಳಕೆಗೆ ಬಂದಿದೆ. ಇದರಿಂದ ಒಬ್ಬನಲ್ಲಿ ಇಬ್ಬರು ನೆಲಸಿರುವರೆಂದು ತಿಳಿಯುವುದು ತಪ್ಪು. ವಿಚಾರ, ಭಾವ, ಚೇಷ್ಟೆಗಳೊಳಗಣ ಹೊಂದಿಕೆಯು ಸಡಿಲಿತೆಂಬುದಷ್ಟೇ ಅಲ್ಲಿನ ತಾತ್ಪರ್ಯ. ಎರಡನೆಯದಾಗಿ, ಇಂಥವರು ಹೃದಯಶೂನ್ಯರೆಂಬ ಜನರ ಮಾತು. ಅಮೆರಿಕದ ಕ್ರಿಂಗ್ ಮತ್ತು ನೀಲ್ ಎಂಬುವರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಭಾವೋದ್ದೀಪಕವಾದ ಚಲಚ್ಚಿತ್ರಖಂಡಗಳನ್ನು ನೋಡಿದ ರೋಗಿಗಳ ಮುಖದಲ್ಲಿ ವಿಕಾರವು ಅಲ್ಪವಾಗಿ ತೋರಿದರೂ, ತಮಗಾದ ಅನುಭವವನ್ನು ಅವರು ಹೇಳಿಕೊಂಡಾಗ ಅದು ಇತರರದಕ್ಕಿಂತ ಕಡಮೆಯಾಗಿರಲಿಲ್ಲ. ಅನುಭಾವವು ಕಾಣದೆ ಹೋದುದರಿಂದ ಭಾವವೇ ಇಲ್ಲವೆಂದು ನಿರ್ಣಯಿಸುವ ಲೋಕವೂ, ರೋಗಿಯಂತೆಯೇ, ಪರಭಾವಗ್ರಹಣದಲ್ಲಿ ಎಡವುತ್ತಿದೆ ಎಂದಂತಾಯಿತು.

ಇನ್ನು ಶಿಕ್ಷಣಕ್ರಮ. ಜರ್ಮನಿಯ ಡ್ಯುಸೆಲ್ಡಾರ್ಫಿನಲ್ಲಿ ವೊಲ್ವರ್ ಮತ್ತು ಅವರ ಸಂಗಡಿಗರು ಕಲ್ಪಿಸಿದ ಭಾವಪರಿಚಯಶಿಕ್ಷಣವು ಇವುಗಳಲ್ಲಿ ಪ್ರಸಿದ್ಧವಾದುದು. ಆರು ವಾರಗಳಲ್ಲಿ 12 ಪಾಠಗಳು. ಇಬ್ಬರು ರೋಗಿಗಳಿಗೆ ಒಬ್ಬ ಶಿಕ್ಷಕ. ಮೊದಲ ಘಟ್ಟದಲ್ಲಿ ಹರ್ಷ, ಶೋಕ, ಕ್ರೋಧ, ಭಯ, ಜುಗುಪ್ಸೆ, ವಿಸ್ಮಯಗಳೆಂಬ ಆರು ಭಾವಗಳಿಗೆ ಹುಬ್ಬು, ಕಣ್ಣು, ತುಟಿಗಳಲ್ಲಿ ಉಂಟಾಗುವ ಗುರುತುಗಳನ್ನು ಬಿಡಿಬಿಡಿಯಾಗಿ ನೋಡಿ ಮಾತಿನಲ್ಲಿ ಹೇಳಬೇಕು. ಎರಡನೆಯದರಲ್ಲಿ ಮುಖವನ್ನು ಇಡಿಯಾಗಿ ಗ್ರಹಿಸಿ, ಮಂದವಾದ ಭಾವಗಳನ್ನೂ ಅರಿಯಬೇಕು. ಮೂರನೆಯದರಲ್ಲಿ ಮುಖವನ್ನು ಸಂದರ್ಭದೊಡನೆ ಸೇರಿಸಿ ವಿಚಾರಿಸಬೇಕು. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 77 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಈ ಶಿಕ್ಷಣವನ್ನು ಪಡೆದವರಲ್ಲಿ ಭಾವಪರಿಚಯವು ಸ್ಫುಟವಾಗಿ ಹೆಚ್ಚಿತು. ಸ್ಮೃತಿ, ಅವಧಾನಾದಿಗಳ ಅಭ್ಯಾಸವನ್ನು ಮಾತ್ರ ಪಡೆದವರಲ್ಲಿ ಹೀಗೆ ಹೆಚ್ಚಲಿಲ್ಲ. ಭಾವಗ್ರಹಣವು ಬುದ್ಧಿಯ ಸಾಮಾನ್ಯಪಾಟವದಿಂದ ತಾನಾಗಿ ಬರತಕ್ಕುದಲ್ಲ, ಪ್ರತ್ಯೇಕವಾಗಿ ಕಲಿಯತಕ್ಕುದು ಎಂಬುದು ಇದರಿಂದ ಸಿದ್ಧಿಸುತ್ತದೆ.

ಭರತನ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಈ ಆರು ಭಾವಗಳು ಹೊಸವಲ್ಲ. ಅಲ್ಲಿನ ಎಂಟು ಸ್ಥಾಯಿಗಳಲ್ಲಿ ರತಿ, ಉತ್ಸಾಹಗಳನ್ನು ಬಿಟ್ಟು, ಹಾಸದ ಸ್ಥಾನದಲ್ಲಿ ಹರ್ಷವನ್ನಿಟ್ಟರೆ ಹೆಚ್ಚುಕಡಮೆ ಇವೇ ಉಳಿಯುವುವು. ಹುಬ್ಬು, ಕಣ್ಣುಗಳ ವ್ಯಾಪಾರವನ್ನು ಬಿಡಿಸಿ ಹೇಳುವುದೂ ಅಲ್ಲಿದೆ. ಆದರೆ ಅದು ನಟನಿಗಾಗಿ ಹೇಳಿದುದು, ಇದು ನೋಡುವವನಿಗಾಗಿ. ಹೀಗಿರಲು, ಮುಖಚಿಹ್ನೆಗಳನ್ನು ಚೆನ್ನಾಗಿ ಕಲಿತರೆ ಸಾಕಲ್ಲವೆ ಎಂಬ ಪೂರ್ವಪಕ್ಷವು ಸಹಜವಾಗಿ ಏಳುತ್ತದೆ.

ಸಾಲದು. ಮಮ್ಮಟನು ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಈ ಗಂಟನ್ನು ಬಿಡಿಸಿದ್ದಾನೆ. ಹುಲಿಯು ಭಯಕ್ಕೆ ಮಾತ್ರವಲ್ಲ, ಉತ್ಸಾಹಕ್ಕೂ ವಿಸ್ಮಯಕ್ಕೂ ಕ್ರೋಧಕ್ಕೂ ಕಾರಣವಾಗಬಲ್ಲುದು. ಕಣ್ಣೀರು ಶೃಂಗಾರದಲ್ಲಿಯೂ ಉಂಟು, ಕರುಣದಲ್ಲಿಯೂ ಉಂಟು, ಭಯಾನಕದಲ್ಲಿಯೂ ಉಂಟು. ಬಿಡಿಯಾಗಿ ನೋಡಿದರೆ ಒಂದೊಂದೂ ಅನೈಕಾಂತಿಕ. ಆದಕಾರಣವೇ ವಿಭಾವ, ಅನುಭಾವ, ವ್ಯಭಿಚಾರಿಗಳನ್ನು ಭರತನು ಕೂಡಿಸಿ ಹೇಳಿದನೆಂಬುದು ಅವನ ಆಶಯ. ಇದು ಕಾವ್ಯದ ಮಾತು, ಲೋಕಕ್ಕೆ ಸಲ್ಲದೆನ್ನಬಾರದು. ಲೋಕದಲ್ಲಿ ಕಾರಣ, ಕಾರ್ಯ, ಸಹಕಾರಿ ಎನಿಸಿಕೊಳ್ಳುವುವೇ ಕಾವ್ಯದಲ್ಲಿ ಈ ಹೆಸರುಗಳನ್ನು ಪಡೆಯುವುವು. ರಸವು ಅನುಮೇಯವೆಂಬ ಶಂಕುಕನ ಪಕ್ಷವನ್ನು ಖಂಡಿಸಿದವರು ಕೂಡ, ಲೋಕದಲ್ಲಿ ಪರರ ಭಾವವನ್ನು ಚಿಹ್ನೆಗಳಿಂದ ಊಹಿಸುವುದನ್ನು ಅಲ್ಲಗಳೆಯಲಿಲ್ಲ. ರೋಗಿಗೆ ಬೇಕಾದುದು ರಸಾಸ್ವಾದವಲ್ಲ, ಈ ಲೌಕಿಕವಾದ ಅನುಮಾನ. ಅನುಮಾನಕ್ಕೆ ಹೇತುವು ದೃಢವಾಗಿರಬೇಕು. ಮುಖವೊಂದೇ ದೃಢವಾದ ಹೇತುವಲ್ಲ.

ಪರೀಕ್ಷೆಗಳ ಫಲವೂ ಇದನ್ನೇ ಸೂಚಿಸುವಂತಿದೆ. ಕರ್ಟ್ಸ್ ಮತ್ತು ರಿಚರ್ಡ್ಸನ್ ಎಂಬುವರು 2012ರಲ್ಲಿ ಇಂಥ 19 ಪರೀಕ್ಷೆಗಳನ್ನು, ಒಟ್ಟು 692 ರೋಗಿಗಳ ವಿಷಯವನ್ನು, ಒಟ್ಟುಗೂಡಿಸಿ ತೂಗಿದರು. ಮುಖಭಾವದ ಪರಿಚಯದಲ್ಲಿ ಒಳ್ಳೆಯ ಪ್ರಗತಿ ಕಂಡಿತು. ಪರರ ಅಭಿಪ್ರಾಯವನ್ನು ಊಹಿಸುವಲ್ಲಿ ಅದಕ್ಕಿಂತ ಕಡಮೆ. ಸಾಮಾಜಿಕಸಂದರ್ಭದ ಸೂಚನೆಗಳನ್ನು ಅರಿಯುವಲ್ಲಿಯೂ, ನಡೆದುದಕ್ಕೆ ಕಾರಣವನ್ನು ಆರೋಪಿಸುವ ರೀತಿಯಲ್ಲಿಯೂ ನಿಶ್ಚಿತವಾದ ಗುಣ ಕಾಣಲಿಲ್ಲ. ದೈನಂದಿನ ನಡವಳಿಕೆಯಲ್ಲಿ ಪ್ರಯೋಜನ ಕಂಡುದನ್ನು ಇಲ್ಲಿ ಮರೆಮಾಡಬಾರದು. ಆದರೂ ಕಾರ್ಯವನ್ನು ಕಾಣುವುದು ಸುಲಭವಾಗಿ ಬಂದಿತು, ಕಾರಣವನ್ನು ಕಾಣುವುದು ಬರಲಿಲ್ಲ ಎಂಬುದು ಸ್ಪಷ್ಟ. ಅಮೆರಿಕದ ಪೆನ್ ಮೊದಲಾದವರ ಕ್ರಮವು ಈ ದೃಷ್ಟಿಯಿಂದ ಶ್ಲಾಘ್ಯ. ಅದರಲ್ಲಿ ಭಾವಪರಿಚಯವಾದ ಮೇಲೆ, ಕಂಡುದಾವುದು, ಊಹಿಸಿದುದಾವುದು ಎಂದು ಬೇರ್ಪಡಿಸುವ ಅಭ್ಯಾಸ. ಕಡೆಯಲ್ಲಿ, ಸಂದೇಹ ಬಂದಾಗ ಎದುರಿನವರನ್ನೇ ಕೇಳಿ ನಿಶ್ಚಯಿಸಿಕೊಳ್ಳುವ ಅಭ್ಯಾಸ. ಹೇತ್ವಾಭಾಸವನ್ನು ಗುರುತಿಸುವ ಪಾಠವೆಂದರೆ ಇದೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2008ರಲ್ಲಿ ಸಿದ್ಧವಾದ ಭಾವಪರೀಕ್ಷಾಸಾಧನವೂ ಇಲ್ಲಿ ಗಮನಾರ್ಹ. ನಾಲ್ವರು ಭಾರತೀಯ ನಟರು, ಸ್ತ್ರೀಪುರುಷರು, ಕಿರಿಯರು ಹಿರಿಯರು, ಅಭಿನಯಿಸಿದ 52 ಸ್ಥಿರಚಿತ್ರಗಳೂ 28 ಚಲಚ್ಚಿತ್ರಗಳೂ ಅದರಲ್ಲಿವೆ. ಪರದೇಶದ ಮುಖಗಳಿಂದ ಈ ದೇಶದ ರೋಗಿಯನ್ನು ಅಳೆಯುವ ದೋಷವು ಇದರಿಂದ ತಪ್ಪಿತು. ಅಲ್ಲಿಯವರೇ 2011ರಲ್ಲಿ ಪ್ರಕಟಿಸಿದ ಇನ್ನೊಂದು ಸಾಧನದಲ್ಲಿ, ಭಾರತೀಯ ಸಂದರ್ಭಕ್ಕೆ ಒಗ್ಗಿಸಿದ ಕಥೆಗಳ ಮೂಲಕ ಪರರ ಅಭಿಪ್ರಾಯವನ್ನು ತಿಳಿಯುವ ಶಕ್ತಿಯನ್ನು ಅಳೆಯುವ ವ್ಯವಸ್ಥೆಯಿದೆ. ಮುಖದಿಂದ ಕಥೆಗೆ ಬಂದ ಈ ಹೆಜ್ಜೆ ಸರಿಯಾದುದು. ಆದರೆ ಇವು ಅಳೆಯುವ ಸಾಧನಗಳು. ತೂಕದ ಕಲ್ಲು ಔಷಧವಾಗದು. ಕನ್ನಡದ ಮನೆಮಾತಿನಲ್ಲಿ, ಅತ್ತೆಸೊಸೆ, ಅಣ್ಣತಮ್ಮ, ನೆರೆಹೊರೆಗಳ ಸಂದರ್ಭಗಳನ್ನಿಟ್ಟು ಕಲಿಸುವ ಪಾಠಗಳು ಬೇಕು. ಸಂದರ್ಭವನ್ನು ಕಟ್ಟಿ ಭಾವವನ್ನು ತೋರಿಸುವುದು ಸಾಹಿತ್ಯದ ಕೆಲಸವಾದುದರಿಂದ, ಇಲ್ಲಿ ವೈದ್ಯರಿಗೆ ಸಾಹಿತ್ಯಜ್ಞರ ನೆರವು ಸಲ್ಲತಕ್ಕುದು.

ಶಿಕ್ಷಣವು ಔಷಧಕ್ಕೆ ಬದಲಲ್ಲ, ಅದರ ಸಹಕಾರಿ. ಹಾಗೆಯೇ ಕಲಿಯುವ ಭಾರವೆಲ್ಲ ರೋಗಿಯದೇ ಅಲ್ಲ. ಮುಖವು ಸಂದಿಗ್ಧವಾದಲ್ಲಿ ವಾಕ್ಕು ಅದನ್ನು ತಿಳಿಪಡಿಸಬೇಕು. “ಆಯಾಸವಾಗಿದೆ, ಮಗು, ನಿನ್ನ ಮೇಲೆ ಕೋಪವಿಲ್ಲ” ಎಂದು ತಾಯಿಯು ಬಾಯಿಬಿಟ್ಟು ಹೇಳಿದರೆ, ವಿಭಾವವನ್ನೂ ಭಾವವನ್ನೂ ಆಕೆ ಒಂದೇ ಮಾತಿನಲ್ಲಿ ಕೊಟ್ಟಂತಾಯಿತು. ಮಮ್ಮಟನು ಕೂಡಿರಬೇಕೆಂದುದನ್ನು ಮನೆಯವರು ಹೀಗೆ ಕೂಡಿಸಿಕೊಟ್ಟಲ್ಲಿ, ರೋಗಿಯ ಊಹೆಗೆ ದೃಢವಾದ ಆಧಾರವು ದೊರೆಯುವುದು.