ತಟ್ಟೆಯಲ್ಲೊಂದು ಸುಳಿ

ಆಸ್ಟ್ರಿಯಾದ ಗ್ರೈನ್ ಎಂಬ ಊರಿನ ಹತ್ತಿರ ಡ್ಯಾನ್ಯೂಬ್ ನದಿ ಬೆಟ್ಟಸಾಲಿನ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಅಲ್ಲಿನ ಬಂಡೆಗಳ ನಡುವೆ ಏಳುತ್ತಿದ್ದ ಸುಳಿಗಳೆಂದರೆ ದೋಣಿಯವರ ಜೀವ ಬಾಯಿಗೆ ಬರುತ್ತಿತ್ತು. ಬಂಡೆ ಸಿಡಿಸಿದ್ದಾಯಿತು, 1959ರ ಹೊತ್ತಿಗೆ ಕೆಳಗಡೆ ವಿದ್ಯುತ್ ಅಣೆಕಟ್ಟು ಬಂದು ನೀರೂ ತಣ್ಣಗಾಯಿತು. ಕಣಿವೆಗೆ ಮಾತ್ರ ಸ್ಟ್ರೂಡೆನ್‌ಗೌ ಎಂಬ ಹೆಸರು ಉಳಿದಿದೆ: ಸುಳಿಗಳ ಸೀಮೆ.

ಸ್ಟ್ರೂಡೆಲ್ ಎಂದರೆ ಜರ್ಮನ್‌ನಲ್ಲಿ ನೀರಿನ ಸುಳಿ. ವಿಯೆನ್ನಾದ ಕಾಫಿಮನೆಯಲ್ಲಿ ಅದೇ ಹೆಸರು ಹೇಳಿದರೆ ತಟ್ಟೆಗೆ ಬರುವುದು ಸೇಬಿನ ಹೂರಣ ತುಂಬಿ ಬೇಯಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ತುಂಡು. ಕತ್ತರಿಸಿದ ಮಗ್ಗುಲನ್ನು ನೋಡಬೇಕು: ತೆಳುವಾದ ಎಸಳು ಸುತ್ತಿ ಸುತ್ತಿ ಒಳಕ್ಕೆ ಹೋಗುತ್ತದೆ. ಹೆಸರಿಟ್ಟವರ ಕಣ್ಣು ಬಿದ್ದದ್ದು ಅಲ್ಲೇ. ಬಾಳೆಯ ಎಳೆ ಎಲೆಗೂ ಮಗುವಿನ ನೆತ್ತಿಯ ಕೂದಲಿಗೂ ಸುಳಿ ಎಂದೇ ಹೇಳುವ ನಮಗೆ ಇದು ಥಟ್ಟನೆ ಹಿಡಿಸುತ್ತದೆ.

ಈ ಸುಳಿ ಹುಟ್ಟುವುದು ಮೇಜಿನ ಮೇಲೆ. ಮೈದಾ, ಬೆಚ್ಚಗಿನ ನೀರು, ಚೂರು ಎಣ್ಣೆ, ಉಪ್ಪು, ಅಷ್ಟೆ. ನಾದಿ ಮುಚ್ಚಿಟ್ಟರೆ ಹೋಳಿಗೆಯ ಕಣಕದ ಹಾಗೆ ನೆನೆದು ಎಳೆತಕ್ಕೆ ಬರುತ್ತದೆ. ಆಮೇಲೆ ಬಟ್ಟೆ ಹಾಸಿ, ಹಿಟ್ಟು ಚಿಮುಕಿಸಿ, ಬೆರಳಿನ ಉಂಗುರ ಕಳಚಿಟ್ಟು, ಕಣಕದ ಅಡಿಗೆ ಎರಡೂ ಕೈ ತೂರಿಸಿ ಹಿಂಗೈಯಿಂದ ನಡುವಿನಿಂದ ಅಂಚಿಗೆ ಎಳೆಯುತ್ತಾ ಹೋಗುತ್ತಾರೆ. ಕೊನೆಗೆ ಬಟ್ಟೆಯ ಚಿತ್ತಾರವೇ ಹಿಟ್ಟಿನೊಳಗಿಂದ ಕಾಣಬೇಕು. ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ; ಸೇಬು ಬಿಡುವ ರಸ ಹೀರುವ ಕೆಲಸ ಅದರದ್ದು. ಹುಳಿ ಸೇಬಿನ ಹೋಳು, ಒಣದ್ರಾಕ್ಷಿ, ದಾಲ್ಚಿನ್ನಿ ಹರಡಿ ಬಟ್ಟೆಯ ಒಂದಂಚು ಎತ್ತಿದರೆ ಸಾಕು, ತಾನೇ ಉರುಳಿ ಸುತ್ತಿಕೊಳ್ಳುತ್ತದೆ. ಅಂಗಡಿಯ ಪಫ್ ಹಾಳೆಗೆ ಒಂದೇ ಸುತ್ತು ಕೊಟ್ಟು ಇದೇ ಹೆಸರಲ್ಲಿ ಮಾರುವುದೂ ಉಂಟು. ರುಚಿಯಿರಬಹುದು, ಸುಳಿಯೆಲ್ಲಿ?

ವಿಯೆನ್ನಾದ ನಗರ ಗ್ರಂಥಾಲಯದಲ್ಲಿರುವ 1696ರ ಕೈಬರಹದ ಅಡುಗೆ ಪುಸ್ತಕದಲ್ಲಿ ಹಾಲಿನ ಕೆನೆ ತುಂಬಿದ ಸ್ಟ್ರೂಡೆಲ್ ಇದೆ. ಹಿಟ್ಟನ್ನು ಇಷ್ಟು ತೆಳ್ಳಗೆ ಎಳೆಯುವ ವಿದ್ಯೆ ತುರ್ಕರ ಬಕ್ಲಾವಾದ ಕಡೆಯಿಂದ ಬಂತೆನ್ನುತ್ತಾರೆ. ಹಂಗೇರಿಯವರು ಇದನ್ನೇ ರೇಟೆಶ್ ಅನ್ನುತ್ತಾರೆ, ಅಂದರೆ ಪದರದ್ದು. ಸರಿಯೇ, ಆದರೆ ಪದರ ಸುಮ್ಮನೆ ಬಿದ್ದಿರುತ್ತದೆ, ಸುಳಿ ತಿರುಗುತ್ತದೆ. ನನ್ನ ಓಟು ಸುಳಿಗೆ.

ಹೀಬ್ರೂ ಮಾತಾಡುವವರಂತೂ ಇ-ಮೇಲ್ ವಿಳಾಸದ ನಡುವಿನ ಅಟ್ ಚಿಹ್ನೆಯನ್ನೇ ಶ್ಟ್ರೂಡೆಲ್ ಎಂದು ಕರೆದರು. ಇದು ಪರಭಾಷೆಯದ್ದು ಅಂತ ಅಲ್ಲಿನ ಭಾಷಾ ಅಕಾಡೆಮಿ ಕ್ರುಖಿತ್ ಎಂಬ ಅಚ್ಚ ಹೀಬ್ರೂ ಪದ ಕೊಟ್ಟಿತು. ಅದರ ಅರ್ಥವೂ ಸ್ಟ್ರೂಡೆಲ್ಲೇ!