ಜಂಬದ ಚೀಲ: ಅಲಂಕಾರ ಮತ್ತು ಪ್ರಯತ್ನ

ಹೆಂಗಸರು ಕೈಯಲ್ಲಿ ಹಿಡಿದು ನಡೆಯುವ ಸಣ್ಣ ಚೀಲಕ್ಕೆ ನಮ್ಮ ಆಡುಮಾತಿನಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಇಂಗ್ಲಿಷಿನಿಂದ ಬಂದ ‘ವ್ಯಾನಿಟಿ ಬ್ಯಾಗು’ ಎಂಬುದೊಂದು. ಅದನ್ನೇ ವಿನೋದವಾಗಿ ಕನ್ನಡಿಸಿದ ‘ಜಂಬದ ಚೀಲ’ ಎಂಬುದು ಇನ್ನೊಂದು. ಎರಡರಲ್ಲಿಯೂ ವಸ್ತುವಿನ ವರ್ಣನೆಗಿಂತ ಅದನ್ನು ಹಿಡಿದವಳನ್ನು ಕುರಿತ ತೀರ್ಪೇ ಎದ್ದು ಕಾಣುತ್ತದೆ. ಗಂಡಸಿನ ಚಿನ್ನದ ಸರಪಣಿಯ ಗಡಿಯಾರಕ್ಕಾಗಲಿ, ಬೆಳ್ಳಿಯ ಹಿಡಿಯ ಕೈಗೋಲಿಗಾಗಲಿ ಭಾಷೆ ಇಂಥ ಹೆಸರನ್ನು ಕೊಡಲಿಲ್ಲವೆಂಬುದು ಗಮನಾರ್ಹ. ಮಣಿ, ಕಸೂತಿ, ಹರಳು, ಕುಚ್ಚುಗಳಿಂದ ತುಂಬಿದ, ಹೆಸರಾಂತ ವಿನ್ಯಾಸಕಾರರ ಕೈಚೀಲಗಳು ಇಂದು ಲಕ್ಷಗಟ್ಟಲೆ ರೂಪಾಯಿಗಳಿಗೆ ಮಾರಾಟವಾಗುತ್ತಿವೆ. ಅವುಗಳ ಆಕರ್ಷಣೆಯನ್ನು ಬರಿಯ ಜಂಬವೆಂದು ತಳ್ಳಿಹಾಕುವುದು ಸುಲಭ. ಅಷ್ಟರಿಂದ ವಿಮರ್ಶೆಯ ಕೆಲಸ ಮುಗಿದಂತಾಗುವುದಿಲ್ಲ. ಅಲಂಕಾರವನ್ನು ಕುರಿತು ಸಾವಿರ ವರ್ಷಕ್ಕೂ ಮಿಕ್ಕಿ ಚಿಂತಿಸಿದ ಕಾವ್ಯಮೀಮಾಂಸೆಯ ವಾರಸುದಾರರಾದ ನಾವು ಈ ವಸ್ತುವನ್ನೂ ಅದೇ ಕಣ್ಣಿನಿಂದ ನೋಡಬಹುದು. ಹಾಗೆ ನೋಡಹೊರಟರೆ ಆ ಮೀಮಾಂಸೆಗೇ ಒಂದು ತೊಡಕು ಎದುರಾಗುತ್ತದೆ. ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಒಂದಿಷ್ಟು ಇತಿಹಾಸ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹೆಂಗಸು ತನ್ನ ಸಣ್ಣಪುಟ್ಟ ವಸ್ತುಗಳನ್ನು ಲಂಗದ ಕೆಳಗೆ ಸೊಂಟಕ್ಕೆ ಕಟ್ಟಿಕೊಂಡ ಜೇಬುಗಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಲಂಗದ ಪಕ್ಕದ ಸೀಳಿನೊಳಗೆ ಕೈತೂರಿಸಿ ಅವನ್ನು ತೆಗೆಯಬೇಕಾಗಿತ್ತು. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಸಂಚಿಯನ್ನು ನೆನೆದರೆ ಇದರ ಕಲ್ಪನೆ ಬಂದೀತು. ಪರರ ಕಣ್ಣಿಗೆ ಬೀಳದ ಆ ಜೇಬುಗಳ ಮೇಲೆಯೂ ಎಷ್ಟೋ ವೇಳೆ ಹೂಬಳ್ಳಿಗಳ ಕಸೂತಿ ಇರುತ್ತಿತ್ತು. ಹೆಣ್ಣಿನ ಅಲಂಕಾರವೆಲ್ಲ ಪ್ರದರ್ಶನಕ್ಕಾಗಿಯೇ ಎಂದು ವಾದಿಸುವವರು ಈ ಜೇಬುಗಳಿಗೆ ಉತ್ತರ ಹೇಳಬೇಕಾಗುತ್ತದೆ. ಆ ಶತಮಾನದ ಕೊನೆಯ ದಶಕದಲ್ಲಿ ಉಡುಪಿನ ರೀತಿಯೇ ಬದಲಾಯಿತು. ಎದೆಯ ಕೆಳಗೆ ಬಿಗಿದು ನೇರವಾಗಿ ಇಳಿಬೀಳುವ ತೆಳುವಾದ ಮಸ್ಲಿನ್ ಉಡುಪು ಬಂದಿತು. ಅದರೊಳಗೆ ಜೇಬು ಕಟ್ಟಿದರೆ ಉಬ್ಬಿ ಕಾಣುತ್ತಿತ್ತು. ಹೀಗಾಗಿ ಜೇಬು ಹೊರಬಿದ್ದು, ದಾರದಿಂದ ಕೈಗೆ ತೂಗುಬಿಟ್ಟ ಪುಟ್ಟ ಚೀಲವಾಯಿತು. ಅದರ ಹೆಸರು ‘ರೆಟಿಕ್ಯೂಲ್’. ಪುಟ್ಟ ಬಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ನಗೆಗಾರರು ಅದನ್ನು ‘ರಿಡಿಕ್ಯೂಲ್’ ಎಂದು, ಎಂದರೆ ನಗೆಪಾಟಲು ಎಂದು, ತಿರುಚಿದರು. ನಮ್ಮ ಜಂಬದ ಚೀಲಕ್ಕೆ ಈ ಹೆಸರು ಹಿರಿಯಕ್ಕನೇ ಸರಿ. ಅದೇ ವಸ್ತುವಿಗೆ ಇಂಗ್ಲೆಂಡಿನಲ್ಲಿ ‘ಇಲ್ಲದೆ ಆಗದ್ದು’ ಎಂಬರ್ಥದ ಇನ್ನೊಂದು ಹೆಸರೂ ಇತ್ತೆಂಬುದನ್ನು ಇಲ್ಲಿ ಮರೆಯಬಾರದು.

ಒಳಗಿನದು ಹೊರಗೆ ಬಂದಿತೆಂಬುದೇ ಇಲ್ಲಿ ಮುಖ್ಯವಾದ ಅಂಶ. ಕೈಚೀಲವು ಗೋಪ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೀದಿಯಲ್ಲಿ ನಡೆಯುವ ವಸ್ತು. ಅದರೊಳಗೆ ಇನ್ನೊಬ್ಬರು ಕೈಹಾಕುವುದು ಇಂದಿಗೂ ಅಸಭ್ಯತೆಯೆನಿಸುತ್ತದೆ. ಮನೆಯೊಳಗಿನ ಗೋಡೆ ಬೋಳಾಗಿದ್ದರೂ ಬಾಗಿಲವಾಡಕ್ಕೆ ಕೆತ್ತನೆ ಮಾಡಿಸುವ ಜನಕ್ಕೆ ಈ ಚೀಲದ ಮೈಮೇಲಣ ಅಲಂಕಾರದ ತರ್ಕ ಹೊಸದೆನಿಸಲಾರದು. ಒಳಕ್ಕೂ ಹೊರಕ್ಕೂ ನಡುವಣ ಗಡಿಯಲ್ಲಿಯೇ ಅಲಂಕಾರ ದಟ್ಟವಾಗುತ್ತದೆ.

ಆನಂದವರ್ಧನನು ಅಲಂಕಾರಕ್ಕೆ ಹಾಕಿದ ನಿಬಂಧನೆ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ರಸದಲ್ಲಿ ತೊಡಗಿದ ಕವಿಗೆ ಬೇರೊಂದು ಪ್ರಯತ್ನವಿಲ್ಲದೆ ಒದಗಿಬರುವ ಅಲಂಕಾರವೇ ಗ್ರಾಹ್ಯ. ಯಮಕದಂತೆ ಪ್ರತ್ಯೇಕವಾಗಿ ಹೆಣಗಿ ತಂದದ್ದು ರಸಕ್ಕೆ ಹೊರಗು. ಈ ಅಳತೆಗೆ ನಿಲ್ಲುವ ಕೈಚೀಲಗಳೂ ಇವೆ. ಪ್ಯಾರಿಸಿನ ಡಿಯೋರ್ ಸಂಸ್ಥೆಯವರು 1994ರಲ್ಲಿ ರೂಪಿಸಿದ ಒಂದು ಚೀಲವನ್ನು ಮರುವರ್ಷ ಫ್ರಾನ್ಸಿನ ಅಧ್ಯಕ್ಷರ ಪತ್ನಿ ಬೆರ್ನಾಡೆಟ್ ಶಿರಾಕ್ ಅವರು ಬ್ರಿಟನ್ನಿನ ರಾಜಕುಮಾರಿ ಡಯಾನಾಗೆ ಉಡುಗೊರೆಯಾಗಿ ಕೊಟ್ಟರು. 1996ರಲ್ಲಿ ಅದು ‘ಲೇಡಿ ಡಿಯೋರ್’ ಎಂಬ ಹೆಸರನ್ನು ಪಡೆಯಿತು. ಅದರ ತೊಗಲಿನ ಮೇಲೆಲ್ಲ ಬೆತ್ತದ ಹೆಣಿಗೆಯನ್ನು ಹೋಲುವ ಕರ್ಣರೇಖೆಗಳ ಹೊಲಿಗೆ ಹರಡಿದೆ. 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಉಡುಪುಗಳನ್ನು ತೋರಿಸಿದಾಗ ಅತಿಥಿಗಳನ್ನು ಕೂರಿಸಿದ್ದ ಬೆತ್ತದ ಕುರ್ಚಿಗಳೇ ಇದರ ಮೂಲವೆಂದು ಸಂಸ್ಥೆಯವರ ಹೇಳಿಕೆ. ತೊಗಲಿನ ಪದರಗಳನ್ನು ಹಿಡಿದಿಡುವ ಹೊಲಿಗೆಯೇ ಇಲ್ಲಿ ಚಿತ್ರವಾಗಿದೆ; ಕೆಲಸವೂ ಸೊಗಸೂ ಒಂದೇ ದಾರದಲ್ಲಿ ಸಾಗಿವೆ. ಆದರೆ ಅದೇ ಚೀಲದ ಹಿಡಿಯಿಂದ ತೂಗುವ ಲೋಹದ ನಾಲ್ಕು ಅಕ್ಷರಗಳನ್ನು ನಾವು ಹೀಗೆ ಮೆಚ್ಚಲಾರೆವು. ಅವು ಹೇಳುವುದು ಸಂಸ್ಥೆಯ ಹೆಸರನ್ನು ಮಾತ್ರ. ಇದು ಯಮಕಕ್ಕಿಂತಲೂ ಬಡವಾದ ಆವೃತ್ತಿ.

ಇನ್ನು ತೊಡಕಿನ ಕಡೆಗೆ ಬರೋಣ. ಜೂಡಿತ್ ಲೀಬರ್ 1921ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವಳು. ಅಲ್ಲಿಯ ಕೈಚೀಲ ತಯಾರಕರ ವೃತ್ತಿಸಂಘಕ್ಕೆ ಸೇರಿದ ಮೊದಲ ಹೆಂಗಸು. ಯಹೂದಿಗಳ ಮಾರಣಹೋಮದಿಂದ ಬದುಕುಳಿದು, ಅಮೆರಿಕದ ಸೈನಿಕನನ್ನು ಮದುವೆಯಾಗಿ ನ್ಯೂಯಾರ್ಕಿಗೆ ಬಂದು, 1963ರಲ್ಲಿ ತನ್ನ ಸಂಸ್ಥೆಯನ್ನು ಕಟ್ಟಿದಳು. ಒಮ್ಮೆ ಲೋಹದ ಸಂಜೆಚೀಲವೊಂದರ ಲೇಪ ಕೆಟ್ಟು ಬಂದಾಗ ಆ ಕಲೆಗಳನ್ನು ಮರೆಸುವುದಕ್ಕಾಗಿ ಹರಳುಗಳನ್ನು ಅಂಟಿಸಿದಳಂತೆ. ಮುಂದೆ ಅದೇ ಅವಳ ಕೀರ್ತಿಗೆ ಕಾರಣವಾಯಿತು. ಟೊಮ್ಯಾಟೊ, ಕಲ್ಲಂಗಡಿ, ಹಕ್ಕಿ, ಹಂದಿಮರಿ, ಹೀಗೆ ನಾನಾ ಆಕಾರದ ಅಂಗೈಯಗಲದ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೆಯೂ ಒಂದೊಂದಾಗಿ ಕೈಯಿಂದಲೇ ಕೂರಿಸಿದ ಸಾವಿರಾರು ಹರಳುಗಳು. ಒಳಗೆ ಕರವಸ್ತ್ರವೊಂದು ಹಿಡಿದರೆ ಹೆಚ್ಚು. ಆನಂದವರ್ಧನನ ಅಳತೆಯಿಂದ ಇದು ಶುದ್ಧ ಚಿತ್ರಕಾವ್ಯ. ಉಪಯೋಗವು ನೆಪಮಾತ್ರ, ಅಲಂಕಾರವೆಲ್ಲ ಪ್ರತ್ಯೇಕ ಪ್ರಯತ್ನ. ಹೀಗಿದ್ದೂ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಅಂಥದೊಂದನ್ನು ಕಂಡವರು ಬೇಗ ಮುಂದೆ ಹೋಗುವುದಿಲ್ಲ. ಏಕೆ?

ನಮ್ಮ ಅಭಿಪ್ರಾಯದಲ್ಲಿ, ಪ್ರಯತ್ನ ಕಣ್ಣಿಗೆ ಕಾಣುತ್ತಿರುವುದರಿಂದಲೇ. ಕಾವ್ಯದಲ್ಲಿ ಕವಿಯ ಹೆಣಗಾಟ ಕಂಡರೆ ರಸಭಂಗವಾದೀತು. ಕಸೂತಿಯ ಚೀಲದಲ್ಲಿ ಅದು ಕಾಣದಿದ್ದರೆ ಆಸ್ವಾದಿಸುವುದಕ್ಕೆ ಏನೂ ಉಳಿಯುವುದಿಲ್ಲ. ಮಣಿಯ ಪಕ್ಕದಲ್ಲಿ ಮಣಿಯನ್ನು, ಎಳೆಯ ಪಕ್ಕದಲ್ಲಿ ಎಳೆಯನ್ನು ಎಣಿಸುತ್ತ ಕಣ್ಣು ಚಲಿಸುವಾಗ ಅದು ನೋಡುತ್ತಿರುವುದು ಯಾರೋ ಕುಳಿತು ಕಳೆದ ಕಾಲವನ್ನು. ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ಗಮನವನ್ನು ಸುರಿದಿದ್ದಾರೆ ಎಂಬ ಅರಿವು ಅದನ್ನು ಹಿಡಿದವಳಿಗೆ, ಗಮನವೆಲ್ಲ ತನ್ನ ಮೇಲೆಯೇ ಸುರಿದಂಥ ಸುಖವನ್ನು ಕೊಡುತ್ತದೆ. ಈ ಸುಖದಲ್ಲಿ ಜಂಬದ ಅಂಶ ಇಲ್ಲವೆಂದು ನಾವು ಹೇಳುವುದಿಲ್ಲ. ಜಂಬವೊಂದೇ ಇದೆಯೆಂಬುದನ್ನು ಮಾತ್ರ ಒಪ್ಪಲಾರೆವು.

ಆದರೆ ಆ ಕಾಲ ಯಾರದು? ಲೀಬರಳ ಮಟ್ಟಿಗೆ ಹೆಸರು ಕೆಲಸ ಬಲ್ಲ ಕೈಯದೇ ಆಗಿತ್ತು. ತೊಗಲನ್ನು ಕತ್ತರಿಸುವುದರಿಂದ ಹಿಡಿದು ಹೊಲಿದು ಮುಗಿಸುವವರೆಗೆ ಚೀಲದ ಕಸುಬನ್ನು ಅವಳು ತಾನೇ ಕಲಿತಿದ್ದಳು. ಇತರ ಕಡೆಗಳಲ್ಲಿ ಮಾತು ಬೇರೆ. ಯೂರೋಪಿನ ಹಲವು ಪ್ರಸಿದ್ಧ ಸಂಸ್ಥೆಗಳ ಕಸೂತಿಯ ಕೆಲಸ ದಶಕಗಳಿಂದ ಮುಂಬಯಿಯ ಕಾರ್ಯಾಗಾರಗಳಲ್ಲಿ ನಡೆಯುತ್ತಿದೆ. ಡಿಯೋರ್ ಸಂಸ್ಥೆಯವರು 2023ರ ಮಾರ್ಚ್ 30ರಂದು ಗೇಟ್‌ವೇ ಆಫ್ ಇಂಡಿಯಾದ ಮುಂದೆ ಉಡುಪುಗಳ ಪ್ರದರ್ಶನವನ್ನು ಏರ್ಪಡಿಸಿ, ಚಾಣಕ್ಯ ಎಂಬ ಅಲ್ಲಿಯ ಕಸೂತಿ ಸಂಸ್ಥೆಯ ಪಾಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇದು ಸ್ವಾಗತಾರ್ಹವಾದ ಸಂಗತಿ. ಅಲ್ಲಿಯೂ ಹೆಸರು ಬಂದದ್ದು ಸಂಸ್ಥೆಗೆ. ಸೂಜಿ ಹಿಡಿದವರಿಗೆ ಸಾಮೂಹಿಕವಾದ ಚಪ್ಪಾಳೆ. ಮರುವರ್ಷ, 2024ರ ಜೂನಿನಲ್ಲಿ, ಮಿಲಾನಿನ ನ್ಯಾಯಾಲಯವು ಅದೇ ಸಂಸ್ಥೆಯ ಇಟಲಿಯ ತಯಾರಿಕಾ ಘಟಕವೊಂದನ್ನು ನ್ಯಾಯಾಂಗದ ಮೇಲ್ವಿಚಾರಣೆಗೆ ಒಪ್ಪಿಸಿತು. ಉಪಗುತ್ತಿಗೆಯ ಕಾರ್ಯಾಗಾರಗಳಲ್ಲಿ ಕೆಲಸಗಾರರ ಶೋಷಣೆಯನ್ನು ತಡೆಯಲಿಲ್ಲವೆಂಬುದು ಕಾರಣ. ಅಂಗಡಿಯಲ್ಲಿ 2,600 ಯೂರೋಗಳಿಗೆ ಮಾರುವ ಚೀಲವೊಂದರ ತಯಾರಿಕೆಗೆ, ಕಚ್ಚಾವಸ್ತುಗಳ ಬೆಲೆಯನ್ನು ಬಿಟ್ಟು, ಗುತ್ತಿಗೆದಾರನಿಗೆ ಸಂದದ್ದು 53 ಯೂರೋ ಎಂದು ಆಗ ಹೊರಬಂದ ದಾಖಲೆಗಳಲ್ಲಿ ಕಂಡಿತು. ಸಂಸ್ಥೆಯವರು ವ್ಯವಸ್ಥೆಯನ್ನು ತಿದ್ದಿಕೊಂಡ ಮೇಲೆ 2025ರಲ್ಲಿ ಆ ಮೇಲ್ವಿಚಾರಣೆ ಕೊನೆಗೊಂಡಿತು.

ಕನ್ನಡದ ಓದುಗರಿಗೆ ಇಲ್ಲಿ ಸಂಚಿಯ ಹೊನ್ನಮ್ಮ ನೆನಪಾಗುವುದು ಸಹಜ. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರಿನ ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಆಕೆಗೆ ಆ ಸಂಚಿಯೇ ಹೆಸರಾಗಿ, ‘ಹದಿಬದೆಯ ಧರ್ಮ’ದ ಕರ್ತೃವಾಗಿ ಇಂದಿಗೂ ಉಳಿದಿದ್ದಾಳೆ. ಆದರೂ ಅವಳು ಸಂಚಿ ಹಿಡಿದವಳು; ಅದನ್ನು ಹೊಲಿದವರ ಸುದ್ದಿ ಸಾಹಿತ್ಯಚರಿತ್ರೆಗೂ ಬರಲಿಲ್ಲ.

ಪ್ರಯತ್ನವೇ ಇಂಥ ಚೀಲದ ರಸವೆಂದು ಒಪ್ಪಿದಮೇಲೆ ಅದನ್ನು ಪರೀಕ್ಷಿಸುವ ಕ್ರಮವೂ ಬೇರೆಯಾಗಬೇಕು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡು ಬದಿಗಳಲ್ಲಿಯೂ ಒಂದೇ ರೀತಿ ಕಾಣಬೇಕು, ಗಂಟು ಕಾಣಕೂಡದು. ಆದುದರಿಂದ ಅಲ್ಲಿಯ ಬಲ್ಲ ಹೆಂಗಸರು ಸೆರಗಿನ ಮುಖಕ್ಕಿಂತ ಮೊದಲು ಅದರ ಹಿಂಬದಿಯನ್ನು ಹೊರಳಿಸಿ ನೋಡುತ್ತಾರೆ. ಬೆಲೆಬಾಳುವ ಕೈಚೀಲದಲ್ಲಿ ಆ ಹಿಂಬದಿಗೆ ರೇಷ್ಮೆಯದೋ ತೊಗಲಿನದೋ ಒಳಪದರವನ್ನು ಹಾಕಿ ಸುತ್ತಲೂ ಹೊಲಿದಿರುತ್ತಾರೆ, ಮತ್ತು ಅದರ ಮೇಲೆ ಸಂಸ್ಥೆಯ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಿರುತ್ತಾರೆ.